ಕಿವಿ ವಿಭಾಗದ ಬೆಂಚು

ಅಧಿಕಾರಿಗಳು ಕೂರುವ ಕೋಣೆಗೆ ಬಣ್ಣ ಹೊಡೆಯುತ್ತಿದ್ದುದರಿಂದ ಅವತ್ತು ಸೇನಾ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ನಿವೃತ್ತರನ್ನೆಲ್ಲ ಒಂದೇ ಪಡಸಾಲೆಯಲ್ಲಿ, ಬೆನ್ನಿಗೆ ಆಸರೆಯಿಲ್ಲದ ಉದ್ದನೆಯ ಬೆಂಚುಗಳ ಮೇಲೆ ಕೂರಿಸಿದ್ದರು. ಪೈಲಟ್ ಸಾಹೇಬರ ಕೈಗೆ ಮೂವತ್ತೇಳು ಎಂದು ಬರೆದ ಚೀಟಿ ಬಂದಿತ್ತು. ವಿಮಾನ ಮುಟ್ಟಿ ಇಪ್ಪತ್ತೆಂಟು ವರ್ಷವಾದರೂ ಬೀದಿಯವರು, ಚರ್ಚಿನವರು, ಹಾಲು ತರುವವನು, ಕೊನೆಗೆ ಸೊಸೆ ಕೂಡ ಅವರನ್ನು ಕರೆಯುತ್ತಿದ್ದುದು ಪೈಲಟ್ ಸಾಹೇಬರು ಎಂದೇ; ಇಲ್ಲಿನ ಗುಮಾಸ್ತೆ ಮಾತ್ರ ತಲೆಯೆತ್ತದೆ "ತಾತ, ಆ ಕಡೆ ಕೂತ್ಕೊಳ್ಳಿ" ಎಂದಿದ್ದಳು. ಗೋಡೆಯ ಮೇಲಿನ ಕೆಂಪು ಅಂಕಿ ಇಪ್ಪತ್ತೆಂಟರಲ್ಲೇ ನಿಂತು ಕಾಲು ಗಂಟೆಯಾಗಿತ್ತು. ಕಿವಿ ಕೇಳದವರ ಜಾಗವಾದ್ದರಿಂದ ಇಲ್ಲಿ ಯಾರೂ ಪಿಸುಗುಡುವಂತಿರಲಿಲ್ಲ. ಒಬ್ಬನ ಮಲಬದ್ಧತೆ, ಇನ್ನೊಬ್ಬನ ಮಗಳ ಗಂಡನ ಕುಡಿತ, ಎಲ್ಲವೂ ಗಂಟಲು ಹರಿಯುವಂತೆ ಪಡಸಾಲೆಯ ತುಂಬ ಓಡಾಡುತ್ತಿದ್ದವು. ಸಾಹೇಬರ ಮೊಣಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಹಿರಿಮಗಳು ಅದರ ಮೇಲೆ ಕೈಯಿಟ್ಟಳು. ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಅವಳು. ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಕುಣಿಯುವ ಮೊಣಕಾಲುಗಳನ್ನು ನಿಲ್ಲಿಸುವುದು ಅವಳಿಗೆ ದಿನನಿತ್ಯದ ಕೆಲಸ.

ಕಿವಿಗೆ ಯಂತ್ರ ಬೇಕೆಂದು ಹಟ ಹಿಡಿದವರು ಸಾಹೇಬರೇ. ಮಕ್ಕಳು ಮಾತಾಡುವುದು ಕೇಳಿಸದಿದ್ದರೆ ಅವರಿಗೆ ಅಂಥ ನಷ್ಟವೇನೂ ಆಗುತ್ತಿರಲಿಲ್ಲ, ಅವರೇನು ಹೇಳುತ್ತಾರೆಂಬುದು ಮುಂಚೆಯೇ ಗೊತ್ತಿರುತ್ತಿತ್ತು. ಕಾರಣ ಬೇರೆ. ಹೋದ ತಿಂಗಳು ಪಾಪನಿವೇದನೆಗೆ ಹೋದಾಗ, ಗುರುಗಳು ಕೂತ ಗೂಡಿನ ಜಾಲರಿಗೆ ಬಾಯಿ ಹಚ್ಚಿ, ಸೊಸೆಯ ಮೇಲೆ ಸಿಟ್ಟು ಮಾಡಿಕೊಂಡದ್ದು, ಪೂಜೆಯ ಹೊತ್ತಿನಲ್ಲಿ ತೂಕಡಿಸಿದ್ದು, ಹೀಗೆ ಒಂದೊಂದಾಗಿ ಹೇಳಿ ಹೊರಗೆ ಬಂದರೆ, ಸರದಿಯಲ್ಲಿ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರು. ತಾನು ಪಿಸುಗುಡುತ್ತಿದ್ದೇನೆ ಎಂದುಕೊಂಡದ್ದು ಆರನೇ ಸಾಲಿನವರೆಗೆ ಕೇಳಿಸಿತ್ತು. ಸಣ್ಣಪುಟ್ಟದ್ದು ಕೇಳಿಸಿದ್ದಕ್ಕೇ ಅವರಿಗೆ ಮೂರು ದಿನ ಊಟ ಸೇರಲಿಲ್ಲ. ದೊಡ್ಡದನ್ನು ಹೇಳಿಬಿಟ್ಟಿದ್ದರೆ ಏನು ಗತಿ ಎಂದು ಯೋಚಿಸಿ, ದೊಡ್ಡದನ್ನು ತಾನು ಎಷ್ಟೋ ವರ್ಷಗಳಿಂದ ಹೇಳುವುದನ್ನೇ ಬಿಟ್ಟಿದ್ದೇನೆ ಎಂಬುದು ನೆನಪಾಗಿ, ಅದಕ್ಕೆ ಸಮಾಧಾನಪಟ್ಟು, ಸಮಾಧಾನಪಟ್ಟಿದ್ದಕ್ಕೆ ಬೆವರಿದ್ದರು.

"ಸಾರ್" ಎಂದು ಯಾರೋ ಪಕ್ಕದಲ್ಲಿ ಅಂದದ್ದು ಅವರಿಗೆ ಕೇಳಿಸಲಿಲ್ಲ. ಮಗಳು ಮೊಣಕೈಯಿಂದ ತಿವಿದಳು. ಬೆಂಚಿನ ಇನ್ನೊಂದು ತುದಿಯಿಂದ ಸರಿದು ಬಂದು ಪಕ್ಕದಲ್ಲೇ ಕೂತಿದ್ದ ಮುದುಕ, ತೊಳೆದು ತೊಳೆದು ತೆಳುವಾದ ಬಿಳಿ ಅಂಗಿ, ಕತ್ತು ಎಡಕ್ಕೆ ಓರೆ. ಆ ಓರೆಗತ್ತನ್ನು ನೋಡಿದ್ದೇ ಸಾಹೇಬರಿಗೆ ಗುರುತು ಹತ್ತಿತು. ಎಂಜಿನು ಶುರುವಾದಾಗ ಹೀಗೇ ಕತ್ತು ಓರೆ ಮಾಡಿ, ಕಣ್ಣು ಮುಚ್ಚಿ, ಎರಡು ನಿಮಿಷ ಕೇಳಿ, ಯಾವ ಕವಾಟ ತಕರಾರು ಮಾಡುತ್ತಿದೆ ಎಂದು ಹೇಳುತ್ತಿದ್ದ ಮನುಷ್ಯ. ಮೇಸ್ತ್ರಿ ಎಂದೇ ಇಡೀ ದಳದಲ್ಲಿ ಅವನ ಹೆಸರು. "ನೆನಪಿದೆಯಾ ಸಾರ್?" ಎಂದು ಕೇಳಿದ. ನೆನಪಿಲ್ಲ ಎನ್ನಬಹುದಿತ್ತು, ಎಂಬತ್ತಮೂರು ವರ್ಷದವನು ಹಾಗೆಂದರೆ ಯಾರೂ ಅನುಮಾನಪಡುವುದಿಲ್ಲ. ಅಷ್ಟರಲ್ಲಿ ಅವರ ಕೈ ತಾನಾಗಿ ಮುಂದೆ ಹೋಗಿ ಅವನ ಕೈ ಹಿಡಿದುಕೊಂಡಿತ್ತು. "ಮೇಸ್ತ್ರಿ," ಎಂದರು, "ಎಷ್ಟು ವರ್ಷ ಆಯ್ತು." ಅವನು ಕಿವಿಗೆ ಕೈ ಅಡ್ಡ ಹಿಡಿದು "ಏನು ಸಾರ್?" ಎಂದ. ಅವನಾಚೆ ಕೂತಿದ್ದ ಹೆಂಡತಿ, ಗಿಡ್ಡಗೆ ಗಟ್ಟಿಮುಟ್ಟಾಗಿದ್ದ ಹೆಂಗಸು, ಮುಂದೆ ಬಾಗಿ ನಕ್ಕಳು. "ಜೋರಾಗಿ ಹೇಳಿ ಸಾರ್. ಇವರಿಗೆ ಕಿವಿ ಹೋಗಿ ಎಷ್ಟೋ ಕಾಲ ಆಯ್ತು. ನಾನು ದಿನಾ ಕಿರಿಚಿ ಕಿರಿಚಿ ನನ್ನ ಗಂಟಲು ಹೋಗಿದೆ." ಅವನ ಚೀಟಿಯಲ್ಲಿ ಮೂವತ್ತಾರು ಎಂದಿತ್ತು. ಇವನ ಹಿಂದೆಯೇ ತಾನು. ಎಂಟು ಅಂಕಿ ದಾಟುವವರೆಗೆ ಇಲ್ಲೇ, ಭುಜಕ್ಕೆ ಭುಜ ತಾಗಿಸಿ ಕೂರಬೇಕು.

ಸಾಹೇಬರು ಆಗ ಹಾರಿಸುತ್ತಿದ್ದ ವಿಮಾನದ ಮೂತಿಯ ಪಕ್ಕ ಬೆರಳು ದಪ್ಪದ ಒಂದು ಕೊಳವೆ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಗಾಳಿ ಅದರೊಳಕ್ಕೆ ನುಗ್ಗಿದರೆ ಮಾತ್ರ ಒಳಗೆ ವೇಗದ ಮುಳ್ಳು ಆಡುವುದು. ನಿಂತಾಗ ಧೂಳು ಸೇರದಿರಲಿ, ಹುಳ ಗೂಡು ಕಟ್ಟದಿರಲಿ ಎಂದು ಅದಕ್ಕೊಂದು ಕೆಂಪು ಬಟ್ಟೆಯ ಕವರು. ಹಾರುವ ಮುಂಚೆ ಅದನ್ನು ತೆಗೆಯುವುದು ಮೆಕ್ಯಾನಿಕ್ಕನ ಕೆಲಸ; ಹಾಗೆಂದು ಪುಸ್ತಕದಲ್ಲಿದೆ. ಆದರೆ ಅವರ ವಿಮಾನದ ಕವರನ್ನು ಯಾರೂ ಮುಟ್ಟುತ್ತಿರಲಿಲ್ಲ. ಏಣಿ ಹತ್ತುವ ಮುಂಚಿನ ಕೊನೆಯ ಕೆಲಸವಾಗಿ ಅವರೇ ಅದನ್ನು ಎಳೆದು, ಬರಿದಾದ ಲೋಹದ ಮೇಲೆ ಹೆಬ್ಬೆರಳಿನಿಂದ ಸಣ್ಣದೊಂದು ಶಿಲುಬೆಯ ಗುರುತು ಮಾಡಿ, ಕವರನ್ನು ಮೇಸ್ತ್ರಿಯ ಕೈಗೆ ಕೊಡುತ್ತಿದ್ದರು. ಹಣೆಯ ಮೇಲೆ, ಎಲ್ಲರ ಎದುರಿಗೆ ಗುರುತು ಮಾಡಿಕೊಳ್ಳಲು ನಾಚಿಕೆ. ಇದಾದರೆ ಏನೋ ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಹೊಸದಾಗಿ ಬಂದ ಒಬ್ಬ ಮೆಕ್ಯಾನಿಕ್ಕು ಒಮ್ಮೆ ನಿಯಮದ ಪ್ರಕಾರ ತಾನೇ ತೆಗೆದುಬಿಟ್ಟಾಗ, ಅವರು ಅದನ್ನು ಮತ್ತೆ ತೊಡಿಸಿ ತಾವೇ ತೆಗೆದಿದ್ದರು; ಉಳಿದವರೆಲ್ಲ ಬೆನ್ನು ತಿರುಗಿಸಿ ನಕ್ಕಿದ್ದರು. ಮೇಸ್ತ್ರಿ ನಗಲಿಲ್ಲ. "ಸಾರ್ ಕವರು ಸಾರ್‌ಗೇ ಬಿಡಿ" ಎಂದು ಎಲ್ಲರಿಗೂ ಹೇಳಿಟ್ಟ. ಐವತ್ತು ವರ್ಷದ ಹಿಂದಿನ ಆ ದಿನ ಅವರು ಕೈ ಚಾಚಿದ್ದರು, ಬೆರಳು ಬಟ್ಟೆಗೆ ತಾಗಿಯೂ ಇತ್ತು, ಅಷ್ಟರಲ್ಲಿ ಫೋನಿನ ಕೋಣೆಯಿಂದ ಒಬ್ಬ ಓಡಿ ಬಂದ: ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಎಲ್ಲರೂ ಮುತ್ತಿಕೊಂಡರು, ಕೈ ಕುಲುಕಿದರು, ಬೆನ್ನು ಚಪ್ಪರಿಸಿದರು. ಮೊದಲ ಮಗು. ಅವರು ನಗುತ್ತ ಏಣಿ ಹತ್ತಿ ಕೂತರು. ಆಮೇಲೆ, ಆಮೇಲೇನು, ಹೊರಟರು, ಅಷ್ಟೇ.

"ಇಲ್ಲೂ ಚೀಟಿ ನನ್ನ ಹತ್ರಾನೇ ಇರ್ಬೇಕು" ಎಂದು ಮೇಸ್ತ್ರಿಯ ಹೆಂಡತಿ ಪಡಸಾಲೆಗೆಲ್ಲ ಕೇಳುವ ದನಿಯಲ್ಲಿ ಹೇಳಿ, ಗಂಡನ ಕೈಯಿಂದ ಚೀಟಿ ಕಿತ್ತುಕೊಂಡು, ಮುಖ್ಯೋಪಾಧ್ಯಾಯಿನಿಗೆ ಕಣ್ಣು ಮಿಟುಕಿಸಿದಳು. "ಇವರ ಮರೆವಿನ ಕಥೆ ಕೇಳ್ಬೇಡಮ್ಮ ನೀನು. ಮನೆ ಬೀಗದ ಕೈ ನಾನು ಇವತ್ತಿನವರೆಗೂ ಇವರಿಗೆ ಕೊಟ್ಟಿಲ್ಲ. ಒಲೆ ಆರಿಸಿದ್ದೀನಿ ಅಂದ್ರೆ ಹೋಗಿ ನೋಡ್ಕೊಂಡೇ ಬರ್ತೀನಿ. ನಮ್ಮನೇಲಿ ಯಾರು ಏನು ಮರೆತ್ರೂ, 'ಅಪ್ಪನ ಕವರಾಯ್ತು ಬಿಡು' ಅಂತಾನೇ ಮಾತು. ಮೊಮ್ಮಕ್ಕಳೂ ಅದನ್ನೇ ಕಲ್ತಿದ್ದಾವೆ."

"ಅದ್ಯಾವ ಕವರು?" ಎಂದು ಮಗಳು ಕೇಳಿದಳು, ಸುಮ್ಮನೆ ಹೊತ್ತು ಹೋಗಲೆಂದು.

"ವಿಮಾನಕ್ಕೆ ಏನೋ ಮುಚ್ಚಿರ್ತಾರಂತಲ್ಲ, ಅದನ್ನ ತೆಗೆಯೋದು ಮರೆತು ಹಾರೋಕೆ ಬಿಟ್ಬಿಟ್ರು. ತೋಳಿನ ಮೇಲಿನ ಎರಡು ಪಟ್ಟಿ ಕಿತ್ಕೊಂಡು ಕಂಬಳಿ ಉಗ್ರಾಣಕ್ಕೆ ಹಾಕಿದ್ರು. ಹನ್ನೊಂದು ವರ್ಷ ಕಂಬಳಿ ಎಣಿಸ್ಕೊಂಡು ಕೂತ್ರು ಮಹಾರಾಯ್ರು. ಒಳಗಿದ್ದೋರು ಯಾರೋ ಪುಣ್ಯಾತ್ಮ, ಬದುಕ್ಕೊಂಡ್ರು. ಇಲ್ದಿದ್ರೆ ಒಂದು ಜೀವದ ಪಾಪ ನಮ್ಮ ತಲೆ ಮೇಲೆ. ನಾನು ಆ ಪುಣ್ಯಾತ್ಮನ ಹೆಸರು ಕೇಳ್ದೋಳಲ್ಲ, ಆದ್ರೂ ದೇವರಿಗೆ ಕೈ ಮುಗಿಯೋವಾಗ ಅವರನ್ನೂ ಸೇರಿಸ್ಕೊಂಡೇ ಮುಗೀತೀನಿ. ನನ್ನ ಮಗನಿಗೆ ಸೇನೆಗೆ ಸೇರೋ ಆಸೆ ಇತ್ತು. ಬೇಡಪ್ಪ, ನಿಮ್ಮಪ್ಪನ ಹೆಸರು ಹೇಳಿದ್ರೆ ಅಲ್ಲಿ ನಗ್ತಾರೆ ಅಂದೆ. ಬಿಟ್ಟ. ಏನ್ರೀ, ಸುಳ್ಳಾ?" ಮೇಸ್ತ್ರಿ ತುಟಿಯ ಒಂದು ಕೊನೆಯಲ್ಲಿ ನಕ್ಕು, ತಲೆಯಾಡಿಸಿದ. ಎಷ್ಟೋ ಸಲ ಕೇಳಿ ಸವೆದ ಕಥೆಗೆ ಮನೆಯವರು ತಲೆಯಾಡಿಸುವ ಹಾಗೆ. ಕೆಂಪು ಅಂಕಿ ಮೂವತ್ತೆರಡಾಯಿತು.

ಮೇಸ್ತ್ರಿಯ ಕಣ್ಣು ಒಂದು ಗಳಿಗೆ ಸಾಹೇಬರ ಮೇಲಿತ್ತು. ವಿಚಾರಣೆಯ ದಿನವೂ ಹೀಗೇ ಒಂದು ಸಲ ನೋಡಿದ್ದ ಅವನು. ಹಸಿರು ಬಟ್ಟೆ ಹಾಸಿದ ಮೇಜು, ಮೂವರು ಅಧಿಕಾರಿಗಳು, ಒಂದು ಜಗ್ಗು ನೀರು. ನೆಲ ಬಿಟ್ಟಾಗಲೂ ಸೊನ್ನೆಯಲ್ಲೇ ಮಲಗಿದ್ದ ಮುಳ್ಳು. ಎಂಜಿನ್ನಿನ ಸದ್ದನ್ನೇ ನಂಬಿ ಸುತ್ತು ಹಾಕಿ ಇಳಿಸಿದ್ದು. ವೇಗ ಹೆಚ್ಚಾಗಿ ರನ್‌ವೇ ಮುಗಿದು, ಹೊಲದೊಳಕ್ಕೆ ನುಗ್ಗಿ, ಮೂತಿಯ ಗಾಲಿ ಮುರಿದದ್ದು. ಕುಂಕುಮದಷ್ಟು ರಕ್ತವೂ ಬರದೆ ಅವರು ಇಳಿದು ನಿಂತದ್ದು. ಎಲ್ಲ ಕೇಳಿದ ಮೇಲೆ ಹಿರಿಯ ಅಧಿಕಾರಿ ಕೇಳಿದ: ಕವರು ತೆಗೆಯುವ ಕೆಲಸ ಯಾರದು? ಅವರು ಹೇಳಿದರು: ಮೆಕ್ಯಾನಿಕ್ಕನದು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೈಬಲ್ಲಿನ ಮೇಲೆ ಕೈಯಿಟ್ಟು ಹೇಳಬಹುದಾದ ಮಾತು, ಕೈಯಿಟ್ಟೇ ಹೇಳಿದ್ದರು. ಆಮೇಲೆ ಮೇಸ್ತ್ರಿಯನ್ನು ಕರೆದು ಯಾಕೆ ತೆಗೆಯಲಿಲ್ಲ ಎಂದು ಕೇಳಿದಾಗ ಅವನು ಕತ್ತು ಓರೆ ಮಾಡಿ ಇವರತ್ತ ಒಂದು ಸಲ ನೋಡಿ, "ಮರೆತೆ ಸಾರ್" ಎಂದ. ಸರಿಯಾಗಿ ನೋಡಿಕೊಳ್ಳದೆ ಹತ್ತಿದ್ದಕ್ಕೆ ಇವರಿಗೂ ಒಂದು ಎಚ್ಚರಿಕೆಯ ಕಾಗದ ಬಂತು. ಅದು ಕಡತದೊಳಗೆ ಹೂತುಹೋಯಿತು. ಇವರು ಇನ್ನೂ ಇಪ್ಪತ್ತೆರಡು ವರ್ಷ ಹಾರಿದರು, ಎದೆಯ ಮೇಲೆ ಮೂರು ಸಾಲು ಪದಕ ಬಂದವು, ಇನ್ನೂ ಮೂರು ಮಕ್ಕಳಾದವು.

ಮೊದಲ ವಾರವೇ ವಾಯುನೆಲೆಯ ಚರ್ಚಿನ ಗುರುಗಳ ಹತ್ತಿರ ಹೋಗಿ ಹೇಳಿಕೊಂಡಿದ್ದರು. ಆ ಗುರುಗಳು ಪೂರ್ತಿ ಕೇಳಿ, "ನೀನು ಆ ಮನುಷ್ಯನ ಹೆಸರು ತೆಗೆದಿದ್ದೀಯ. ಹೋಗಿ ಹಿಂದಕ್ಕೆ ಕೊಟ್ಟು ಬಾ. ಆಮೇಲೆ ಕ್ಷಮೆಯ ಮಾತು" ಎಂದರು. ಆಮೇಲೆ ಅವರು ಆ ಗುರುಗಳ ಹತ್ತಿರ ಹೋಗಲಿಲ್ಲ. ಊರಿನ ಆಚೆ ತುದಿಯ ಚರ್ಚಿನಲ್ಲಿ ಅರೆನಿದ್ದೆಯ ಮುದಿ ಗುರುಗಳೊಬ್ಬರಿದ್ದರು. ಸ್ಕೂಟರ್ ಹಾಕಿಕೊಂಡು ಅಲ್ಲಿಗೆ ಹೋದರು. ಒಂದೊಂದು ವರ್ಗಾವಣೆಗೂ ಒಬ್ಬೊಬ್ಬ ಗುರುಗಳು, ಒಂದೊಂದು ಜಾಲರಿ. ಬಿಸಿನೀರಿಗೆ ಬಿದ್ದ ಉಣ್ಣೆ ಬಟ್ಟೆಯ ಹಾಗೆ ಪಾಪ ಪ್ರತಿ ಸಲವೂ ಒಂದಿಷ್ಟು ಕುಗ್ಗುತ್ತಿತ್ತು. ತಪ್ಪನ್ನು ಇನ್ನೊಬ್ಬನ ಮೇಲೆ ಬರಲು ಬಿಟ್ಟೆ ಎನ್ನುವುದು, ಕೆಲಸದಲ್ಲಿ ಪೂರ್ತಿ ಮನಬಿಚ್ಚಿ ಮಾತಾಡಲಿಲ್ಲ ಎಂದಾಗಿ, ಕೊನೆಗೆ ಮಾತಿನಲ್ಲಿ ಕೊಂಚ ಎಡವಿದೆ ಎನ್ನುವಷ್ಟಕ್ಕೆ ಬಂದು ನಿಂತಿತು. ಅದಕ್ಕೆ ಪ್ರಾಯಶ್ಚಿತ್ತ ಮೂರು ನಮೋ ಮರಿಯ ಜಪ. ಹೇಳಿ ಮುಗಿಸಲು ಎರಡು ನಿಮಿಷವೂ ಬೇಡ. ಕ್ಷಮೆಗೆ ಚೌಕಾಸಿ ಮಾಡಿದ ಗಿರಾಕಿ ನಾನು ಎಂದು ಅವರಿಗೆ ಅನ್ನಿಸಿದ್ದು ಹೆಂಡತಿ ತೀರಿಕೊಂಡ ಮೇಲೆ. ಅವಳಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದ್ದು ಬೇರೆ ಕಥೆ. ಮೆಕ್ಯಾನಿಕ್ಕೊಬ್ಬ ಬೇಜವಾಬ್ದಾರಿಯಿಂದ ಕವರು ಬಿಟ್ಟಿದ್ದ, ಮಗಳು ಹುಟ್ಟಿದ ಗಳಿಗೆಯಲ್ಲಿ ಅಪ್ಪ ಸಾವಿನ ಬಾಯಿಂದ ಇಳಿದು ಬಂದ. ಪ್ರತಿ ಹುಟ್ಟುಹಬ್ಬದ ದಿನ ಮೇಜಿನ ಸುತ್ತ ಈ ಕಥೆಯಾಗಬೇಕು. ಹೆಂಡತಿ ಹೇಳುತ್ತಿದ್ದಳು, ಮಕ್ಕಳು ಕಣ್ಣರಳಿಸುತ್ತಿದ್ದವು, ಒಮ್ಮೆ ಗುರುಗಳೂ ಚರ್ಚಿನ ಪ್ರವಚನದಲ್ಲಿ ಅದನ್ನು ಹೇಳಿ, ರೆಕ್ಕೆಯ ಕೆಳಗೆ ದೇವದೂತನ ಕೈಯಿತ್ತು ಎಂದರು. ಜನ ತಿರುಗಿ ನೋಡಿದರು. ಇವರು ತಲೆ ತಗ್ಗಿಸಿ ಕೂತರು, ವಿನಯ ಎಂದುಕೊಂಡರು ಎಲ್ಲರೂ.

ಮೂವತ್ತನಾಲ್ಕು. ಮಗಳು ಮೇಸ್ತ್ರಿಯನ್ನು ನೋಡಿ, ಅಪ್ಪನನ್ನು ನೋಡಿ, ಉತ್ತರಪತ್ರಿಕೆಯಲ್ಲಿ ಎಲ್ಲೋ ಮೊದಲೇ ಓದಿದ ಸಾಲು ಕಂಡವಳಂತೆ ಹುಬ್ಬು ಕೂಡಿಸಿದಳು. "ಅಪ್ಪಾ," ಎಂದು ಅವರ ಕಿವಿಯ ಹತ್ತಿರ ಬಂದಳು, "ಇದು ನಮ್ಮ ಕಥೆ ಅಲ್ವಾ? ಆ ಮೆಕ್ಯಾನಿಕ್ಕು ಇವರೇನಾ?" ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ದೊಡ್ಡತನ ಬರುತ್ತಿತ್ತು. ಇನ್ನೊಂದು ಗಳಿಗೆಯಲ್ಲಿ ಅವಳು ಆ ಹೆಂಗಸಿನ ಕೈ ಹಿಡಿದು, ನೀವು ಕೈ ಮುಗಿಯುತ್ತಿದ್ದದ್ದು ನಮ್ಮಪ್ಪನಿಗೇ, ಇರಲಿ ಬಿಡಿ, ನಾವು ಯಾವತ್ತೋ ಮರೆತಿದ್ದೇವೆ ಎನ್ನುತ್ತಾಳೆ. ಕ್ಷಮಿಸಿಬಿಡುತ್ತಾಳೆ. ಮೇಸ್ತ್ರಿ ತಲೆಯಾಡಿಸುತ್ತಾನೆ. ಅವನ ಅಂಕಿ ಬರುತ್ತದೆ, ಎದ್ದು ಹೋಗುತ್ತಾನೆ, ಅಲ್ಲಿಗೆ ಈ ಜನ್ಮದಲ್ಲಿ ಮುಗಿಯಿತು. ಇಂಥದೊಂದು ಬೆಂಚು ಇನ್ನೊಮ್ಮೆ ಸಿಗುವುದಿಲ್ಲ. ಮಗಳು ಬಾಯಿ ತೆರೆಯುತ್ತಿದ್ದಂತೆ ಸಾಹೇಬರು ಅವಳ ಮಣಿಕಟ್ಟು ಹಿಡಿದು, ಮೇಸ್ತ್ರಿಯ ಕಡೆಗೆ ತಿರುಗಿದರು.

"ಮೇಸ್ತ್ರಿ, ಅವತ್ತಿನ ತಪ್ಪು ನಿನ್ನೊಬ್ಬಂದೇ ಅಲ್ಲ" ಎಂದರು.

ಅವನು ಕಿವಿಗೆ ಕೈ ಹಿಡಿದ. "ಏನು ಸಾರ್?"

ಎದುರು ಬೆಂಚಿನ ಇಬ್ಬರು ತಲೆಯೆತ್ತಿದರು. ಹೇಳಿದೆನಲ್ಲ, ಅವನಿಗೆ ಕೇಳಿಸದಿದ್ದರೆ ನಾನೇನು ಮಾಡಲಿ ಎಂದು ಒಂದು ಹಳೆಯ, ಚಾಲಾಕಿನ ಯೋಚನೆ ಅವರ ತಲೆಯಲ್ಲಿ ಆಗಲೇ ಹಾಸಿಗೆ ಬಿಡಿಸುತ್ತಿತ್ತು. ಅದರ ಮೇಲೆ ಅವರಿಗೆ ಅಸಹ್ಯವಾಯಿತು. ದನಿ ಏರಿಸಿದರು. "ಕವರು ತೆಗೀತಿದ್ದಿದ್ದು ನಾನು. ಯಾವಾಗ್ಲೂ ನಾನೇ ತೆಗೀತಿದ್ದೆ. ಅವತ್ತು ನಾನು ಮರೆತೆ."

"ಅಪ್ಪಾ, ಮೆಲ್ಲಗೆ" ಎಂದು ಮಗಳು ತೋಳು ಎಳೆದಳು. ಮೇಸ್ತ್ರಿಯ ಹೆಂಡತಿಯ ನಗು ಮುಖದ ಮೇಲೆ ಹಾಗೇ ಉಳಿದು, ಏನು ಮಾಡಬೇಕೋ ತಿಳಿಯದೆ ನಿಂತಿತ್ತು. ಮೇಸ್ತ್ರಿ ಮಾತ್ರ ಇನ್ನೂ ಹತ್ತಿರಕ್ಕೆ ಬಾಗಿ, ಕೈಯನ್ನು ಕಿವಿಯ ಹಿಂದೆ ಇನ್ನೂ ಅಗಲ ಮಾಡಿದ. "ಸರಿಯಾಗಿ ಕೇಳಿಸ್ಲಿಲ್ಲ ಸಾರ್."

ಸಾಹೇಬರು ಎದ್ದು ನಿಂತರು. ಈ ಸಲ ಬಂದದ್ದು ಯಾವ ಜಾಲರಿಗೂ, ಮೊದಲನೆಯ ಗುರುಗಳಿಗೂ ಹೇಳದೆ ಉಳಿಸಿಕೊಂಡದ್ದು. "ನೀನು ಕೇಳಿದ್ದೆ," ಎಂದು ಕೂಗಿದರು. "ನಾನು ಒಳಗೆ ಕೂತ ಮೇಲೆ, ಗಾಲಿಗಿಟ್ಟಿದ್ದ ಮರದ ತುಂಡು ಎಳೆದು ಬಂದು, ಎಲ್ಲ ಆಯ್ತಾ ಸಾರ್, ಕವರಾಯ್ತಾ, ಅಂತ ಕೂಗಿ ಕೇಳಿದ್ದೆ. ನಾನು ಹೆಬ್ಬೆರಳು ಎತ್ತಿ ಆಯ್ತು ಅಂತ ತೋರಿಸ್ದೆ. ವಿಚಾರಣೆ ದಿನ ಅದು ನಂಗೆ ನೆನಪಿತ್ತು. ಚೆನ್ನಾಗಿ ನೆನಪಿತ್ತು. ಬೇಕು ಅಂತ್ಲೇ ಹೇಳ್ಲಿಲ್ಲ. ಹೇಳಿದ್ರೆ ನನ್ನ ಹಾರಾಟ ನಿಲ್ಲಿಸ್ತಾರೆ ಅಂತ ಹೆದರಿ, ನಿನ್ನನ್ನ ಹಿಡಿದು ಕೊಟ್ಟೆ."

ಬಣ್ಣ ಹೊಡೆಯುತ್ತಿದ್ದವನು ಕುಂಚ ಹಿಡಿದುಕೊಂಡೇ ಬಾಗಿಲಿಗೆ ಬಂದು ನೋಡಿದ. ಗುಮಾಸ್ತೆ ತಲೆಯೆತ್ತಿದಳು. ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು ಅವರು ಐವತ್ತು ವರ್ಷ ನಂಬಿಕೊಂಡಿದ್ದರು, ಹಗುರಾಗಲಿಲ್ಲ. ಬರೀ ನಾಚಿಕೆಯಾಯಿತು, ಉಡುಪು ಜಾರಿದವನಿಗೆ ಆಗುವಂಥ ನಾಚಿಕೆ. ತೋಳಿನ ಮೇಲಿದ್ದ ಮಗಳ ಕೈ ಯಾವಾಗ ಹಿಂದಕ್ಕೆ ಹೋಯಿತೋ ಗೊತ್ತಾಗಲಿಲ್ಲ. ಅವಳು ಎದುರು ಗೋಡೆ ನೋಡುತ್ತಿದ್ದಳು. ಐವತ್ತು ಹುಟ್ಟುಹಬ್ಬಗಳನ್ನು ಹಿಂದಿನಿಂದ ಒಂದೊಂದಾಗಿ ತಿದ್ದಿಕೊಂಡು ಬರುತ್ತಿದ್ದಾಳೆ ಎಂದು ಅವರಿಗೆ ಅನ್ನಿಸಿತು. ಕೂತುಕೊಂಡರು.

"ಹೌದೇನ್ರೀ?" ಎಂದು ಮೇಸ್ತ್ರಿಯ ಹೆಂಡತಿ ಗಂಡನನ್ನು ಕೇಳಿದಳು. ಅವಳು ಕಿರಿಚಲಿಲ್ಲ, ಆದರೂ ಅವನು ಹೂಂ ಎಂದ.

"ಮತ್ತೆ ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲ ನೀವು."

"ನಾನು ಹೇಳಿದ್ರೆ ನೀನು ನಂಬ್ತಿದ್ಯಾ?"

ಅವಳು ಸುಳ್ಳು ಹೇಳುವ ಹೆಂಗಸಲ್ಲ. ಯೋಚಿಸಿದಳು. "ಇಲ್ಲ" ಎಂದಳು. ಆಮೇಲೆ ಪೈಲಟ್ ಸಾಹೇಬರ ಕಡೆ ತಿರುಗಿ, ಬೈಯಲೆಂದೇ ಬಾಯಿ ತೆರೆದವಳು, "ಮಗನ್ನ ನಾನೇ ತಡೆದೆ ಸಾರ್, ಅವನು ತುಂಬ ಅತ್ತಿದ್ದ" ಎಂದಷ್ಟೇ ಹೇಳಿ, ಸೆರಗಿನಿಂದ ಮೂಗು ಒತ್ತಿಕೊಂಡಳು. ಸಾಹೇಬರು ಅವಳಿಗೆ ಕೈ ಮುಗಿದರು. ಕ್ಷಮಿಸಮ್ಮ ಎಂದರು. ಅದು ಬಹಳ ಸಣ್ಣ ಮಾತಾಗಿ ಕೇಳಿಸಿತು.

ಗೋಡೆಯ ಮೇಲೆ ಮೂವತ್ತಾರು ಬಂತು. ಗುಮಾಸ್ತೆ ಈ ಸಲ ಕೂಗದೆ ಕೈಸನ್ನೆ ಮಾಡಿದಳು. ಮೇಸ್ತ್ರಿ ಮೊಣಕಾಲಿನ ಮೇಲೆ ಕೈಯೂರಿ ಎದ್ದ, ಅಂಗಿಯ ತುದಿ ಎಳೆದು ನೇರ ಮಾಡಿಕೊಂಡ. ಹೆಂಡತಿ ಮುಂದೆ ನಡೆದಳು. ಅವನು ಎರಡು ಹೆಜ್ಜೆ ಹೋಗಿ, ಹಿಂದಿರುಗಿ ಬಂದು, ಸಾಹೇಬರ ಭುಜದ ಮೇಲೆ ಕೈಯಿಟ್ಟು ಅವರ ಕಿವಿಯ ಹತ್ತಿರಕ್ಕೆ ಬಾಗಿದ. ಆ ಕೈ ಭಾರವಾಗಿಯೂ ಇರಲಿಲ್ಲ, ಮೃದುವಾಗಿಯೂ ಇರಲಿಲ್ಲ. ಕೆಲಸ ಮುಗಿದ ಎಂಜಿನ್ನಿನ ಮೇಲೆ ಇಡುವ ಕೈಯಂತಿತ್ತು.

"ನಂಗೆ ಹೋಗಿರೋದು ಎಡಗಿವಿ ಸಾರ್. ನೀವು ಕೂತಿದ್ದಿದ್ದು ಬಲಗಡೆ," ಎಂದ ಮೆಲ್ಲಗೆ. "ಮೊದಲ್ನೇ ಸಲಾನೇ ಕೇಳಿಸ್ತು. ಪೂರ್ತಿ ಹೇಳ್ತೀರೇನೋ ಅಂತ ಕಾದೆ."